ಎಳೆ ಮಗುವಿನ ಕಣ್ಣಿಗೆ ಯಾರು ನಮ್ಮವರು? ಮನೆಯಲ್ಲೇ ಮಾಡಬಹುದಾದ ಏಳು ಕೆಲಸ

ತಿಂಗಳಿಗೆ ಎರಡು ಮೂರು ಸಲವಾದರೂ ಓದುಗರು ಇದನ್ನು ಕೇಳುತ್ತಾರೆ. ಮಾತು ಬೇರೆ ಬೇರೆ, ಪ್ರಶ್ನೆ ಒಂದೇ. "ಪಕ್ಕದ ಫ್ಲ್ಯಾಟಿಗೆ ಮಣಿಪುರದವರು ಬಂದಿದ್ದಾರೆ. ಅವರನ್ನು ನೋಡಿದರೆ ಸಾಕು, ನಮ್ಮ ಎಂಟು ತಿಂಗಳ ಮಗಳು ಅಳುತ್ತಾಳೆ. ಅವರ ಎದುರು ನಮಗೆ ನಾಚಿಕೆ." "ಹೊಸ ಆಯಾ ಕಪ್ಪಗಿದ್ದಾರೆ, ಅದಕ್ಕೇ ಮಗು ಅವರ ಹತ್ತಿರ ಹೋಗುತ್ತಿಲ್ಲ ಅಂತ ನಮ್ಮತ್ತೆ ಹೇಳುತ್ತಾರೆ. ನಿಜವಾ?" "ಇಷ್ಟು ಚಿಕ್ಕ ಮಗು ಈಗಲೇ ಬಣ್ಣ ನೋಡುತ್ತದಾ?"

ಉತ್ತರ ಚಿಕ್ಕದು. ಮಗುವಿಗೆ ಬಣ್ಣದ ಮೇಲೆ ಸಿಟ್ಟಿಲ್ಲ. ದಿನಾ ಕಂಡ ಮುಖ ಅದಕ್ಕೆ ಸಲೀಸು, ಕಾಣದ ಮುಖ ಕಷ್ಟ, ಅಷ್ಟೇ. ಆದರೆ ಯಾರೂ ಕೇಳದ ಇನ್ನೊಂದು ಸಂಗತಿ ಇದೆ. ಮನೆಯಲ್ಲಿ ಯಾರು ಯಾರಿಗೆ ಹತ್ತಿರ, ಯಾರು ದೂರ ಎನ್ನುವುದನ್ನು ಮಗು ಮಾತು ಬರುವ ಮೊದಲೇ ಗಮನಿಸುತ್ತಿರುತ್ತದೆ. ನನ್ನ ಪ್ರಕಾರ ನಾವು ತಲೆ ಕೆಡಿಸಿಕೊಳ್ಳಬೇಕಾದದ್ದು ಅದಕ್ಕೆ. ಹಾಗಾಗಿ ಕೊನೆಯ ಎರಡು ಹಂತವನ್ನು ದಯವಿಟ್ಟು ಹಾರಿಸಬೇಡಿ.

ಏನೇನು ಬೇಕು?

ಹತ್ತು ಹನ್ನೆರಡು ಫೋಟೋ ಹಿಡಿಯುವ ಚಿಕ್ಕ ಆಲ್ಬಂ ಒಂದು. ಗೋಡೆಯ ಕ್ಯಾಲೆಂಡರ್, ಒಂದು ಪೆನ್ನು. ವಾರಕ್ಕೆ ಅರ್ಧ ದಿನ ಮಗುವನ್ನು ಎತ್ತಿಕೊಂಡು ಹೊರಗೆ ಹೋಗುವ ಮನಸ್ಸು. ಮನೆಯ ದೊಡ್ಡವರ ಒಪ್ಪಿಗೆಯೂ ಬೇಕು, ಕಷ್ಟ ಇರುವುದು ಅಲ್ಲೇ. ಫ್ಲ್ಯಾಶ್ ಕಾರ್ಡ್, ಆ್ಯಪ್, ಮೆದುಳು ಚುರುಕು ಮಾಡುವ ಕ್ಲಾಸ್ ಇವೆಲ್ಲ ಸುಮ್ನೆ ದುಡ್ಡು ದಂಡ. ಇಲ್ಲಿ ಹೇಳಿರುವುದು 3 ತಿಂಗಳಿಂದ ಸುಮಾರು ಒಂದೂವರೆ ವರ್ಷದವರೆಗಿನ ಮಕ್ಕಳಿಗೆ.

ಹಂತ 1: ನೋಟ ಓದುವುದನ್ನು ಕಲಿಯಿರಿ

ಮಾತಾಡದ ಮಗುವಿನ ಮನಸ್ಸಿನಲ್ಲಿ ಏನಿದೆ ಎಂದು ಸಂಶೋಧಕರು ತಿಳಿಯುವುದು ಅದರ ಕಣ್ಣಿನಿಂದ. ಎರಡು ಮುಖದ ಚಿತ್ರ ಪಕ್ಕಪಕ್ಕ ಇಡುತ್ತಾರೆ, ಯಾವುದನ್ನು ಎಷ್ಟು ಹೊತ್ತು ನೋಡಿತು ಎಂದು ಅಳೆಯುತ್ತಾರೆ. ಇದಕ್ಕೆ ‘ಲುಕಿಂಗ್ ಟೈಮ್’ ಎನ್ನುತ್ತಾರೆ. ನೋಟದ ಹೊತ್ತು ಅಂತ ಇಟ್ಟುಕೊಳ್ಳೋಣ.

2005ರಲ್ಲಿ ಡೇವಿಡ್ ಕೆಲ್ಲಿ ಮತ್ತು ಸಂಗಡಿಗರು ಬಿಳಿಯ ಮನೆತನಗಳ ಮಕ್ಕಳ ಮೇಲೆ ಇದನ್ನು ಮಾಡಿದರು. ಆಗ ತಾನೇ ಹುಟ್ಟಿದ ಕೂಸುಗಳಿಗೆ ಯಾವ ಜನಾಂಗದ ಮುಖವಾದರೂ ಒಂದೇ. ಮೂರು ತಿಂಗಳಾಗುವಷ್ಟರಲ್ಲಿ ತಮ್ಮವರಂಥ ಮುಖವನ್ನು ಜಾಸ್ತಿ ಹೊತ್ತು ನೋಡಿದವು. 2007ರಲ್ಲಿ ಅದೇ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಆಫ್ರಿಕಾ, ಮಧ್ಯಪ್ರಾಚ್ಯ, ಚೀನಾ ಮೂಲದವರು ಮತ್ತು ಬಿಳಿಯರು, ಹೀಗೆ ನಾಲ್ಕು ಗುಂಪಿನ ಮುಖ ತೋರಿಸಿದರು. 3 ತಿಂಗಳ ಮಕ್ಕಳು ನಾಲ್ಕೂ ಗುಂಪಿನಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ವ್ಯತ್ಯಾಸ ಹಿಡಿದರು. 6 ತಿಂಗಳವರಿಗೆ ಎರಡು ಗುಂಪಿನಲ್ಲಿ ಮಾತ್ರ ಸಾಧ್ಯವಾಯಿತು. 9 ತಿಂಗಳವರಿಗೆ ತಮ್ಮ ಗುಂಪಿನಲ್ಲಿ ಮಾತ್ರ.

ಇದರ ಹೆಸರು ‘ಅದರ್ ರೇಸ್ ಎಫೆಕ್ಟ್’. "ಆ ಕಡೆಯವರೆಲ್ಲ ಒಂದೇ ಥರ ಕಾಣುತ್ತಾರಪ್ಪ" ಅಂತ ನಾವು ಹೇಳುತ್ತೇವಲ್ಲ, ಅದೇ.

ಇದು ರಕ್ತದಲ್ಲಿ ಬಂದದ್ದಲ್ಲ. 2006ರಲ್ಲಿ ಯಾಯಿರ್ ಬಾರ್-ಹೈಮ್ ತಂಡ ಇಸ್ರೇಲ್ ಮತ್ತು ಇಥಿಯೋಪಿಯಾದ ಮೂರು ತಿಂಗಳ ಮಕ್ಕಳನ್ನು ಹೋಲಿಸಿತು. ಇಥಿಯೋಪಿಯಾದಿಂದ ಬಂದು ಇಸ್ರೇಲಿನ ವಲಸೆ ಕೇಂದ್ರಗಳಲ್ಲಿದ್ದ ಮನೆಗಳ ಮಕ್ಕಳು ಕಪ್ಪು ಮುಖ, ಬಿಳಿ ಮುಖ ಎರಡನ್ನೂ ದಿನಾ ನೋಡುತ್ತಿದ್ದರು. ಅವರಿಗೆ ಯಾವ ಒಲವೂ ಕಾಣಲಿಲ್ಲ.

ಕನ್ನಡದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ‘ಟ’ಕ್ಕೂ ‘ತ’ಕ್ಕೂ ಇರುವ ವ್ಯತ್ಯಾಸ ನಮಗೆ ನಿದ್ದೆಯಲ್ಲೂ ಗೊತ್ತು. ಹಿಂದಿಯಲ್ಲೂ ಈ ಜೋಡಿ ಇದೆ. ಇಂಗ್ಲಿಷ್ ಮಾತಾಡುವ ಮನೆಗಳ ಮಕ್ಕಳಿಗೂ ಆರೇಳು ತಿಂಗಳಲ್ಲಿ ಅದು ಕೇಳಿಸುತ್ತದೆ, ಒಂದು ವರ್ಷ ತುಂಬುವ ಹೊತ್ತಿಗೆ ಹೆಚ್ಚುಕಡಿಮೆ ಹೋಗಿಬಿಡುತ್ತದೆ ಎಂದು ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲೇ ತೋರಿಸಿದರು. ಕಿವಿಗೆ ಬೀಳದ ಸದ್ದನ್ನು ಮೆದುಳು ಬಿಟ್ಟುಬಿಡುತ್ತದೆ. ಕಣ್ಣಿಗೆ ಬೀಳದ ಮುಖಗಳ ಕಥೆಯೂ ಹಾಗೇ.

ಎಚ್ಚರಿಕೆ: ಇದನ್ನು ಓದಿ ಮೊಬೈಲಿನಲ್ಲಿ ಎರಡು ಫೋಟೋ ಹಿಡಿದು ಮಗುವಿಗೆ ಪರೀಕ್ಷೆ ಇಡಬೇಡಿ. ಜಾಸ್ತಿ ಹೊತ್ತು ನೋಡಿದರೆ ಇಷ್ಟ ಅಂತ ಅರ್ಥ ಅಲ್ಲ. ಹೊಸದಾಗಿರಬಹುದು, ವಿಚಿತ್ರ ಅನಿಸಿರಬಹುದು, ಇಲ್ಲಾ ಹಿಂದೆ ಫ್ಯಾನ್ ತಿರುಗುತ್ತಿರಬಹುದು.

ಹಂತ 2: ಒಂದು ವಾರ ಮುಖಗಳ ಲೆಕ್ಕ ಬರೆಯಿರಿ

ಮಗು ಒಂದು ಮೀಟರಿಗಿಂತ ಹತ್ತಿರದಿಂದ, ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಯಾರ ಮುಖ ನೋಡಿತು? ದಿನಾ ರಾತ್ರಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಈ ಎರಡು ಅಳತೆ ನಾನೇ ಅನುಕೂಲಕ್ಕೆ ಇಟ್ಟುಕೊಂಡದ್ದು.

ವಾರದ ಕೊನೆಗೆ ಹಲವರಿಗೆ ಆಶ್ಚರ್ಯವಾಗುತ್ತದೆ. ದೇಶದ ಎಲ್ಲ ಮೂಲೆಯವರೂ ಇರುವ ಬೆಂಗಳೂರಿನಲ್ಲಿ, ಹನ್ನೊಂದನೇ ಮಹಡಿಯ ಮಗು ನೋಡುವುದು ಅಮ್ಮ, ಅಪ್ಪ, ಅಜ್ಜಿ, ಆಯಾ, ಇಷ್ಟೇ ಜನರನ್ನು. ಅದರಲ್ಲೂ ಮೂವರು ಹೆಂಗಸರು! ಪಾಲ್ ಕ್ವಿನ್ ತಂಡ 2002ರಲ್ಲಿ ಕಂಡುಕೊಂಡದ್ದು ಇಲ್ಲಿ ನೆನಪಿಗೆ ಬರುತ್ತದೆ. ಅಮ್ಮಂದಿರೇ ಹೆಚ್ಚಾಗಿ ನೋಡಿಕೊಂಡ ಮೂರು ನಾಲ್ಕು ತಿಂಗಳ ಮಕ್ಕಳು ಹೆಣ್ಣು ಮುಖಗಳ ಕಡೆ ಜಾಸ್ತಿ ತಿರುಗುತ್ತಿದ್ದವು. ಅಪ್ಪ ನೋಡಿಕೊಂಡ ಮಕ್ಕಳು ಗಂಡು ಮುಖಗಳ ಕಡೆ. ಚಿಕ್ಕಪ್ಪನ ಗಡ್ಡ ಕಂಡು ಮಗು ಯಾಕೆ ಕಿರುಚುತ್ತದೆ ಎನ್ನುವುದಕ್ಕೂ ಇಲ್ಲಿ ಅರ್ಧ ಉತ್ತರ ಸಿಕ್ಕಿತು.

ಕಾರಿನ ಕಿಟಕಿಯಿಂದ ಕಂಡವರನ್ನು, ಟಿವಿಯಲ್ಲಿ ಬಂದವರನ್ನು ಲೆಕ್ಕಕ್ಕೆ ಸೇರಿಸಬೇಡಿ.

ಹಂತ 3: ಆಲ್ಬಂ ಮಾಡಿ, ಹೆಸರು ಹಿಡಿದು ಹೇಳಿ

ಇಲ್ಲಿ ಮಂಗಗಳ ಕಥೆ ಹೇಳಲೇಬೇಕು. ಒಲಿವಿಯೆ ಪಾಸ್ಕಲಿಸ್ ತಂಡ 2002ರಲ್ಲಿ ಮಕ್ಕಳಿಗೂ ದೊಡ್ಡವರಿಗೂ ಮಂಗಗಳ ಮುಖ ತೋರಿಸಿತು. ಈ ಮಂಗ ಬೇರೆ, ಆ ಮಂಗ ಬೇರೆ ಎಂದು ಹಿಡಿದದ್ದು 6 ತಿಂಗಳ ಮಕ್ಕಳು ಮಾತ್ರ. 9 ತಿಂಗಳವರಿಗೂ ಆಗಲಿಲ್ಲ, ದೊಡ್ಡವರಿಗೂ ಆಗಲಿಲ್ಲ. 2005ರಲ್ಲಿ 6 ತಿಂಗಳ ಮಕ್ಕಳ ಮನೆಗೆ ಮಂಗಗಳ ಚಿತ್ರಪುಸ್ತಕ ಕೊಟ್ಟರು. ಒಂದೊಂದು ಮಂಗಕ್ಕೂ ಒಂದೊಂದು ಹೆಸರು. ಅಪ್ಪ ಅಮ್ಮ ಮೂರು ತಿಂಗಳು ಅದನ್ನು ತೋರಿಸುತ್ತಾ ಬಂದರು. ಆ ಮಕ್ಕಳಲ್ಲಿ 9 ತಿಂಗಳಾದರೂ ಆ ಶಕ್ತಿ ಉಳಿದಿತ್ತು.

ನನಗೆ ತುಂಬ ಹಿಡಿಸಿದ್ದು 2009ರಲ್ಲಿ ಲೀಸಾ ಸ್ಕಾಟ್ ಮತ್ತು ಅಲೆಕ್ಸಾಂಡ್ರಾ ಮೊನೆಸನ್ ಮಾಡಿದ ಪ್ರಯೋಗ. ಅವರು ಪುಸ್ತಕವನ್ನು ಮೂರು ಥರ ಕೊಟ್ಟರು. ಒಂದರಲ್ಲಿ ಪ್ರತಿ ಮಂಗಕ್ಕೂ ಅದರದೇ ಹೆಸರು. ಇನ್ನೊಂದರಲ್ಲಿ ಎಲ್ಲಕ್ಕೂ ಬರೀ ‘ಮಂಗ’. ಮೂರನೆಯದರಲ್ಲಿ ಹೆಸರೇ ಇಲ್ಲ. ಒಂದೊಂದಕ್ಕೂ ಹೆಸರು ಕೇಳಿದ ಮಕ್ಕಳಲ್ಲಿ ಮಾತ್ರ ಗುರುತಿಸುವ ಶಕ್ತಿ ಉಳಿಯಿತು. ಎಲ್ಲವನ್ನೂ ‘ಮಂಗ’ ಅಂದರೆ ಎಲ್ಲವೂ ಒಂದೇ ಆಗಿಬಿಟ್ಟಿತು.

ಈಗ ನಮ್ಮ ಮಾತು ನೋಡಿಕೊಳ್ಳಿ. ಗೇಟಿನಲ್ಲಿ ನಿಲ್ಲುವವರು ‘ಸೆಕ್ಯೂರಿಟಿ’. ಅಸ್ಸಾಮಿನವರಾಗಲಿ ಮಿಜೋರಾಮಿನವರಾಗಲಿ ಎಲ್ಲರೂ ‘ನೇಪಾಳಿ’. ಪಾತ್ರೆ ತೊಳೆಯುವವರು ‘ಕೆಲಸದವಳು’. ಇದೇ ನಗರದಿಂದ 2012ರ ಆಗಸ್ಟಿನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗಾಳಿಸುದ್ದಿಗೆ ಹೆದರಿ ರೈಲು ಹತ್ತಿ ಊರಿಗೆ ಹೋದರು. ಅವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತಿತ್ತು?

ಮಾಡುವುದು ಹೀಗೆ. ಮಗು ನಿಜವಾಗಿ ಭೇಟಿಯಾಗುವ ಎಂಟು ಹತ್ತು ಜನರ ಫೋಟೋ ಹಾಕಿ. ತರಕಾರಿ ಗಾಡಿಯವರು, ಲಿಫ್ಟ್ ಹತ್ತಿರ ಸಿಗುವ ಪಕ್ಕದ ಮನೆಯವರು, ಆಯಾ, ಇಸ್ತ್ರಿ ಅಂಗಡಿಯವರು, ತುಮಕೂರಿನ ತಾತ. ಎದುರಿನಿಂದ ತೆಗೆದ, ಮುಖ ದೊಡ್ಡದಾಗಿ ಕಾಣುವ ಫೋಟೋ ಇರಲಿ. ಒಂದು ಹಾಳೆಗೆ ಒಬ್ಬರು. ದಿನಕ್ಕೆ ಐದು ನಿಮಿಷ, ಮಗು ಖುಷಿಯಾಗಿರುವಾಗ. "ಇವರು ಸಲ್ಮಾ ಆಂಟಿ. ಇವರು ಮುನಿಯಪ್ಪ ತಾತ." ಸಾಕು.

ತಪ್ಪುವುದು ಎಲ್ಲಿ ಎಂದರೆ: ಕೇಳದೆ ಫೋಟೋ ತೆಗೆಯುವುದು. ಯಾಕೆ ಎಂದು ಹೇಳಿ ಕೇಳಿ, ಎಷ್ಟೋ ಜನ ಖುಷಿಯಿಂದ ನಿಲ್ಲುತ್ತಾರೆ. ಬೇಡ ಅಂದರೆ ಬಿಟ್ಟುಬಿಡಿ. ಇನ್ನೊಂದು ತಪ್ಪು, ಆಲ್ಬಂ ಬದಲು ಮೊಬೈಲ್ ಹಿಡಿಯುವುದು. ಒಂದು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಮಗುವಿಗೆ ವರ್ಷ ದಾಟಿತು, ಇನ್ನು ತಡವಾಯಿತಾ ಅನ್ನುವವರಿಗೆ ಒಂದು ಮಾತು. ಕೊರಿಯಾದಲ್ಲಿ ಹುಟ್ಟಿ, ಮೂರರಿಂದ ಒಂಬತ್ತು ವರ್ಷದೊಳಗೆ ಯುರೋಪಿನ ಮನೆಗಳಿಗೆ ದತ್ತು ಹೋದವರನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿದ ಅಧ್ಯಯನವೊಂದು 2005ರಲ್ಲಿ ಬಂತು. ಅವರು ಫ್ರೆಂಚರ ಹಾಗೆಯೇ ಬಿಳಿಯ ಮುಖಗಳನ್ನು ಚೆನ್ನಾಗಿ ಗುರುತಿಸುತ್ತಿದ್ದರು. ಅಂದರೆ ಬಾಗಿಲು ಒಂದು ವರ್ಷಕ್ಕೆ ಮುಚ್ಚುವುದಿಲ್ಲ.

ಹಂತ 4: ಎದುರುಬದುರು ಭೇಟಿ, ನಿಧಾನವಾಗಿ

ಆರೇಳು ತಿಂಗಳಿಂದ ಹೊಸಬರ ಭಯ ಶುರುವಾಗುತ್ತದೆ. ಇದು ಸರಿಯಾದ ಬೆಳವಣಿಗೆ. ನಮ್ಮವರು ಯಾರೆಂದು ಗೊತ್ತಾದ ಮೇಲೆ ತಾನೇ ಹೊಸಬರು ಯಾರೆಂದು ಗೊತ್ತಾಗುವುದು? ತಿರುಪತಿಯಲ್ಲಿ ಮುಡಿ ಕೊಟ್ಟು ಬಂದ ಸ್ವಂತ ಅಪ್ಪನನ್ನೇ ನೋಡಿ ಮನೆ ಹಾರಿಹೋಗುವ ಹಾಗೆ ಅಳುವ ಮಕ್ಕಳಿದ್ದಾರೆ. ಹಾಗಾಗಿ ಆಯಾ ಹತ್ತಿರ ಹೋಗದಿದ್ದರೆ ಅವರ ಬಣ್ಣವನ್ನು ದೂರಬೇಡಿ.

ಹೊಸಬರು ಬಂದಾಗ ಮಗು ನಿಮ್ಮ ಕಂಕುಳಲ್ಲೇ ಇರಲಿ. ಮೊದಲ ಹತ್ತು ನಿಮಿಷ ಬಂದವರು ಮಗುವನ್ನು ಮಾತಾಡಿಸುವುದೇ ಬೇಡ, ನಿಮ್ಮ ಜೊತೆ ಮಾತಾಡಲಿ, ನಗಲಿ. ಆಮೇಲೆ ನೆಲದ ಮೇಲೆ ಕೂರಲಿ. ನಿಂತವರು ಮಗುವಿಗೆ ತುಂಬ ಎತ್ತರ. ಒಂದು ಸ್ಟೀಲ್ ಚಮಚವನ್ನೋ ಬಟ್ಟಲನ್ನೋ ನಡುವೆ ಇಟ್ಟು ಸುಮ್ಮನಿರಲಿ. ಮಗು ತಾನಾಗಿ ಕೈ ಚಾಚಿದ ಮೇಲೆ ಆಟ. ಎತ್ತಿಕೊಳ್ಳುವುದು ಎಲ್ಲಕ್ಕಿಂತ ಕೊನೆಗೆ. ಮಗು ಮುಖ ತಿರುಗಿಸಿದರೆ ಅವತ್ತಿಗೆ ನಿಲ್ಲಿಸಿ. ಹೊಸ ಆಯಾ ಆದರೆ ಕನಿಷ್ಠ ಒಂದು ವಾರ ಮನೆಯವರೊಬ್ಬರು ಜೊತೆಗಿರಬೇಕು.

ಹೊರಗೆ ಹೋಗುವುದಾದರೆ ಕಬ್ಬನ್ ಪಾರ್ಕ್, ಲಾಲ್‌ಬಾಗ್ ಬೆಳಗಿನ ಹೊತ್ತು ಚೆನ್ನ. ಮೆಟ್ರೋದಲ್ಲಿ ಜನ ಕಡಿಮೆ ಇರುವ ಮಧ್ಯಾಹ್ನವೂ ಆಗಬಹುದು. ಅದೇ ಜಾಗಕ್ಕೆ, ಅದೇ ಹೊತ್ತಿಗೆ ಮತ್ತೆ ಮತ್ತೆ ಹೋಗಿ. ಒಂದೇ ದಿನ ಐವತ್ತು ಮುಖ ತೋರಿಸುವುದಕ್ಕಿಂತ ಐದು ಮುಖ ಹತ್ತು ಸಲ ಕಾಣಲಿ.

"ಹೋಗು ಕಂದಾ, ಏನೂ ಮಾಡಲ್ಲ" ಅಂತ ಅಳುವ ಮಗುವನ್ನು ಬೇರೆಯವರ ಕೈಗೆ ನೂಕುವುದು ಎಲ್ಲರೂ ಮಾಡುವ ತಪ್ಪು. ಅದರಿಂದ ಆ ಮುಖಕ್ಕೂ ಭಯಕ್ಕೂ ಗಂಟು ಬೀಳುತ್ತದೆ.

ನಡುವೆ ಒಂದು ಬೇರೆ ಮಾತು. ಮೂರು ತಿಂಗಳಾದರೂ ಯಾರಿಗೂ ನಗದಿದ್ದರೆ, ಮುಖಗಳನ್ನೇ ನೋಡದಿದ್ದರೆ, ವರ್ಷವಾದರೂ ಹೆಸರು ಕರೆದಾಗ ತಿರುಗದಿದ್ದರೆ ಅದು ಈ ಲೇಖನದ ವಿಷಯ ಅಲ್ಲ. ಮಕ್ಕಳ ಡಾಕ್ಟರಿಗೆ ತೋರಿಸಿ, ಕಿವಿಯ ಪರೀಕ್ಷೆ ಮಾಡಿಸಿ. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗ ಇದೆ.

ಹಂತ 5: ಪ್ರತಿಯೊಬ್ಬರೂ ಅವರವರ ಭಾಷೆಯಲ್ಲೇ ಮಾತಾಡಲಿ

ಬಣ್ಣಕ್ಕಿಂತ ಮಕ್ಕಳಿಗೆ ಭಾಷೆ ಮುಖ್ಯ. ಕ್ಯಾಥರಿನ್ ಕಿನ್ಜ್ಲರ್ ಮತ್ತು ಎಲಿಜಬೆತ್ ಸ್ಪೆಲ್ಕಿ ಇದನ್ನು ಚೆನ್ನಾಗಿ ತೋರಿಸಿದ್ದಾರೆ. 2007ರ ಅವರ ಅಧ್ಯಯನದಲ್ಲಿ 10 ತಿಂಗಳ ಮಕ್ಕಳಿಗೆ ಇಬ್ಬರು ಆಟದ ಸಾಮಾನು ಕೊಟ್ಟರು. ಒಬ್ಬರು ಮನೆಮಾತು ಆಡಿದವರು, ಇನ್ನೊಬ್ಬರು ಬೇರೆ ಭಾಷೆಯವರು. ಮಕ್ಕಳು ಮನೆಮಾತಿನವರ ಕಡೆಗೇ ಹೆಚ್ಚು ಕೈ ಚಾಚಿದರು. 2011ರಲ್ಲಿ ಅದೇ ಆಟವನ್ನು ಬೇರೆ ಬೇರೆ ಜನಾಂಗದವರಿಂದ ಆಡಿಸಿದಾಗ 10 ತಿಂಗಳ ಮಕ್ಕಳು ಭೇದ ಮಾಡಲಿಲ್ಲ. ಎರಡೂವರೆ ವರ್ಷದವರೂ ಮಾಡಲಿಲ್ಲ. ಭೇದ ಕಂಡದ್ದು ಐದು ವರ್ಷದವರಲ್ಲಿ! ಮುಖ ಗುರುತಿಸುವುದು ಬೇರೆ, ಆ ಮುಖದವರನ್ನು ಬೇಡ ಅನ್ನುವುದು ಬೇರೆ. ಮೊದಲನೆಯದು ಒಂದು ವರ್ಷದೊಳಗೆ ಬರುತ್ತದೆ. ಎರಡನೆಯದು ಬರುವಷ್ಟರಲ್ಲಿ ಮಗು ನಮ್ಮ ಮಾತು ಕೇಳಿಸಿಕೊಂಡು ಐದು ವರ್ಷ ಆಗಿರುತ್ತದೆ.

ಆಯಾ ತೆಲುಗಿನವರಾದರೆ ತೆಲುಗಿನಲ್ಲೇ ಲಾಲಿ ಹಾಡಲಿ. ಅರೆಬರೆ ಇಂಗ್ಲಿಷಿನಲ್ಲಿ ಮಾತಾಡಿಸಿ ಅಂತ ಅವರಿಗೆ ಹೇಳಬೇಡಿ. ನೀವು ಕನ್ನಡ ಬಿಡಬೇಡಿ. ಎರಡು ಮೂರು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗುತ್ತದೆ ಅನ್ನುವುದು ಹಳೆಯ ಭಯ, ಅದಕ್ಕೆ ಆಧಾರವಿಲ್ಲ. ಯೂಟ್ಯೂಬ್ ಹಾಕಿ ಭಾಷೆ ಕೇಳಿಸಿದರೆ ಆಗುವುದಿಲ್ಲ. ಪೆಟ್ರೀಷಿಯಾ ಕೂಲ್ 2003ರಲ್ಲಿ ತೋರಿಸಿದ ಹಾಗೆ, ಎದುರಿಗೆ ಕೂತವರಿಂದ ಅಮೆರಿಕದ ಮಕ್ಕಳು ಚೀನೀ ಭಾಷೆಯ ಸದ್ದು ಕಲಿತರು, ಅದೇ ಪಾಠ ಟಿವಿಯಲ್ಲಿ ಬಂದಾಗ ಕಲಿಯಲಿಲ್ಲ.

ಹಂತ 6: ನಿಮ್ಮ ಮುಖ ಸರಿ ಮಾಡಿಕೊಳ್ಳಿ

ಒಂದು ವರ್ಷದ ಹತ್ತಿರ ಬಂದ ಮಗು ಗೊಂದಲವಾದಾಗ ಏನು ಮಾಡುತ್ತದೆ? ತಿರುಗಿ ಅಮ್ಮನ ಮುಖ ನೋಡುತ್ತದೆ. ಇದಕ್ಕೆ ‘ಸೋಶಿಯಲ್ ರೆಫರೆನ್ಸಿಂಗ್’ ಎನ್ನುತ್ತಾರೆ. ನಮ್ಮವರ ಮುಖ ನೋಡಿ ಇದು ಸರಿಯೋ ತಪ್ಪೋ ಎಂದು ತೀರ್ಮಾನ ಮಾಡುವುದು ಅಂತ ಅರ್ಥ. 1985ರ ಪ್ರಸಿದ್ಧ ಪ್ರಯೋಗದಲ್ಲಿ ಗಾಜಿನ ಕೆಳಗೆ ಹಳ್ಳ ಇದ್ದಂತೆ ಕಾಣುವ ಮೇಜಿನ ಮೇಲೆ ಒಂದು ವರ್ಷದ ಮಕ್ಕಳನ್ನು ಬಿಟ್ಟರು. ಆ ಕಡೆ ನಿಂತ ಅಮ್ಮ ನಕ್ಕರೆ ಬಹುಪಾಲು ಮಕ್ಕಳು ದಾಟಿದವು. ಹೆದರಿದ ಮುಖ ಮಾಡಿದರೆ ಒಂದೂ ದಾಟಲಿಲ್ಲ. ಒಂದು ಮಾತೂ ಆಡಿರಲಿಲ್ಲ.

ಸ್ವಲ್ಪ ದೊಡ್ಡ ಮಕ್ಕಳಿಗೆ ಇದು ಮನುಷ್ಯರ ವಿಷಯದಲ್ಲೂ ಹಿಡಿಯುತ್ತದೆ. 2017ರಲ್ಲಿ ಆ್ಯಲಿಸನ್ ಸ್ಕಿನ್ನರ್ ಮತ್ತು ಸಂಗಡಿಗರು ನಾಲ್ಕೈದು ವರ್ಷದವರಿಗೆ ಒಂದು ವಿಡಿಯೋ ತೋರಿಸಿದರು. ಅದರಲ್ಲಿ ಒಬ್ಬರ ಜೊತೆ ಎಲ್ಲರೂ ನಗುನಗುತ್ತಾ ಬಾಗಿ ಮಾತಾಡುತ್ತಾರೆ, ಇನ್ನೊಬ್ಬರ ಜೊತೆ ಮುಖ ಗಂಟಿಕ್ಕಿ ಹಿಂದೆ ಸರಿಯುತ್ತಾರೆ. ಹೆಚ್ಚಿನ ಮಕ್ಕಳು ಮೊದಲನೆಯವರನ್ನೇ ಇಷ್ಟಪಟ್ಟರು. ಅಷ್ಟೇ ಅಲ್ಲ, ಅವರ ಸ್ನೇಹಿತರನ್ನೂ ಇಷ್ಟಪಟ್ಟರು.

ಈಗ ಪಟ್ಟಿ ಮಾಡಿಕೊಳ್ಳಿ, ನಾಚಿಕೆ ಬೇಡ, ಎಲ್ಲರ ಮನೆಯಲ್ಲೂ ಇದೆ. ಲಿಫ್ಟಿಗೆ ಒಬ್ಬರು ಬಂದರೆ ಮಗುವನ್ನು ಆ ಕಡೆ ಭುಜಕ್ಕೆ ಬದಲಾಯಿಸುತ್ತೀರಾ? ಪೌರಕಾರ್ಮಿಕರು ಹಾದುಹೋದರೆ ಮೂಗು ಮುಚ್ಚಿಕೊಳ್ಳುತ್ತೀರಾ? ಕಮ್ಮನಹಳ್ಳಿ ಕಡೆ ಆಫ್ರಿಕಾದ ವಿದ್ಯಾರ್ಥಿಗಳು ಎದುರಾದರೆ ಹೆಜ್ಜೆ ಬಿರುಸಾಗುತ್ತದಾ? ಮಗುವಿಗೆ ಗೊತ್ತಾಗುವುದು ನಿಮ್ಮ ತೋಳು ಬಿಗಿಯಾದದ್ದು.

ಇನ್ನು ಗುಮ್ಮ. ಊಟ ಮಾಡದ ಮಗುವಿಗೆ ಗುಮ್ಮ ಬರುತ್ತದೆ ಅನ್ನುವುದು ಹಿಂದಿನಿಂದ ಬಂದದ್ದು. ತೊಂದರೆ ಏನೆಂದರೆ, ಗುಮ್ಮನಿಗೆ ಮುಖ ಇಲ್ಲ. ಹಾಗಾಗಿ ನಾವು ಒಂದು ಮುಖ ಅಂಟಿಸುತ್ತೇವೆ. ಚಿಂದಿ ಆಯುವವರು, ಗಡ್ಡದವರು, ಕಪ್ಪಗಿರುವವರು. "ನೋಡು, ಆ ಮಾಮ ಹಿಡ್ಕೊಂಡು ಹೋಗ್ತಾನೆ!" ಒಂದು ತುತ್ತು ಅನ್ನಕ್ಕೆ ಇದು ತೀರಾ ದುಬಾರಿ. ಇವತ್ತಿನಿಂದಲೇ ನಿಲ್ಲಿಸಿ. ಚಂದಮಾಮನನ್ನು ತೋರಿಸಿ, ಕಾಗೆಯನ್ನು ತೋರಿಸಿ, ತಿನ್ನದಿದ್ದರೆ ತಟ್ಟೆ ಎತ್ತಿಡಿ.

ಮಗು ಬೆಳ್ಳಗಾಗಲಿ ಎಂದು ಬಸಿರಿಯರಿಗೆ ಕೇಸರಿ ಹಾಲು, ಕೂಸಿಗೆ ಕಡಲೆಹಿಟ್ಟು, ನೆಂಟರ "ಬಣ್ಣ ಅಪ್ಪನದು, ಪಾಪ" ಇವುಗಳ ಬಗ್ಗೆ ಬರೆದರೆ ಇನ್ನೊಂದು ಲೇಖನವಾಗುತ್ತದೆ. ಇದರಿಂದ ಬಣ್ಣ ಬದಲಾಗುವುದಿಲ್ಲ. ಆದರೆ ಆ ಮಾತು ಹೇಳುವಾಗಿನ ಮುಖವನ್ನು ಮಗು ನೋಡುತ್ತಿರುತ್ತದೆ.

ಹಂತ 7: ಎಂಜಲು, ತಟ್ಟೆ, ಲೋಟ

ಎಂಜಲು ಅನ್ನುವ ಮಾತಿನ ತೂಕ ನಮಗೆ ಗೊತ್ತು. ಅತ್ತಿತ್ತ ತಾಗಿದರೆ ಕೈ ತೊಳೆಯುತ್ತೇವೆ. ಆದರೆ ಮಗು ತಿಂದು ಬಿಟ್ಟದ್ದನ್ನು ಅಮ್ಮ ತಿನ್ನುತ್ತಾಳೆ, ಯಾರೂ ಏನೂ ಅನ್ನುವುದಿಲ್ಲ. ಯಾರ ಎಂಜಲು ಯಾರಿಗೆ ಹೇಸಿಗೆ ಅಲ್ಲವೋ ಅವರು ಹತ್ತಿರದವರು. 2022ರಲ್ಲಿ ಆಶ್ಲಿ ಥಾಮಸ್ ತಂಡ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ. ಒಂದು ಬೊಂಬೆ ಒಬ್ಬ ಹೆಂಗಸಿನ ಜೊತೆ ಒಂದೇ ಕಿತ್ತಳೆ ತೊಳೆಯನ್ನು ಕಚ್ಚಿ ಹಂಚಿಕೊಂಡಿತು. ಇನ್ನೊಬ್ಬರ ಜೊತೆ ಚೆಂಡಾಟ ಆಡಿತು. ಆಮೇಲೆ ಬೊಂಬೆ ಅತ್ತಾಗ, ಎಂಟು ಒಂಬತ್ತು ತಿಂಗಳ ಮಕ್ಕಳು ಮೊದಲು ನೋಡಿದ್ದು ಕಿತ್ತಳೆ ಹಂಚಿಕೊಂಡವರ ಕಡೆಗೆ. ಅವರೇ ಸಮಾಧಾನ ಮಾಡುತ್ತಾರೆ ಎನ್ನುವ ಹಾಗೆ. ಒಂದೂವರೆ ವರ್ಷದವರೂ ಹಾಗೇ ಮಾಡಿದರು.

ಇದನ್ನು ಓದಿ ಮಗುವಿನ ಚಮಚವನ್ನು ನೀವು ಬಾಯಿಗಿಟ್ಟುಕೊಳ್ಳಲು ಹೋಗಬೇಡಿ. ಹಲ್ಲು ಹುಳುಕು ಮಾಡುವ ಬ್ಯಾಕ್ಟೀರಿಯಾ ದೊಡ್ಡವರ ಎಂಜಲಿನಿಂದ ಮಕ್ಕಳಿಗೆ ದಾಟುತ್ತದೆ.

ದೊಡ್ಡವರು ಚಿಕ್ಕವರು ಎನ್ನುವುದೂ ಮಕ್ಕಳಿಗೆ ಬೇಗ ಗೊತ್ತಾಗುತ್ತದೆ. ದೊಡ್ಡ ಗೊಂಬೆ, ಚಿಕ್ಕ ಗೊಂಬೆ ದಾರಿಯಲ್ಲಿ ಎದುರಾದರೆ ಚಿಕ್ಕದೇ ಸರಿದು ದಾರಿ ಬಿಡುತ್ತದೆ ಎಂದು 10 ತಿಂಗಳು ದಾಟಿದ ಮಕ್ಕಳು ಎಣಿಸುತ್ತಾರೆ ಎಂದು 2011ರ ಅಧ್ಯಯನವೊಂದು ಹೇಳಿತು. ಸಿಲ್ಕ್ ಬೋರ್ಡಿನಲ್ಲಿ ಬಸ್ಸು, ಸ್ಕೂಟರ್ ನೋಡಿದವರಿಗೆ ಇದೇನು ಹೊಸದಲ್ಲ. ಆದರೆ "ಆರು ತಿಂಗಳ ಮಗುವಿಗೆ ಒಳ್ಳೆಯವರು ಕೆಟ್ಟವರು ಗೊತ್ತು" ಅಂತ ಯಾರಾದರೂ ಫಾರ್ವರ್ಡ್ ಕಳಿಸಿದರೆ ಸ್ವಲ್ಪ ತಡೆಯಿರಿ. ಸಹಾಯ ಮಾಡಿದ ಗೊಂಬೆಯನ್ನೇ ಮಕ್ಕಳು ಆರಿಸುತ್ತಾರೆ ಎಂದು 2007ರಲ್ಲಿ ಬಂದ ಪ್ರಯೋಗವನ್ನು ಹಲವು ಲ್ಯಾಬ್‌ಗಳು ಸೇರಿ ಮತ್ತೆ ಮಾಡಿದವು. 2024ರಲ್ಲಿ ಬಂದ ಫಲಿತಾಂಶದಲ್ಲಿ ಅಂಥ ಒಲವು ಕಾಣಲಿಲ್ಲ.

ಇಲ್ಲಿಂದ ಮುಂದಿನದು ಪ್ರಯೋಗ ಅಲ್ಲ, ನನ್ನ ಲೆಕ್ಕಾಚಾರ. ಒಂದೇ ಹಣ್ಣು ಹಂಚಿಕೊಂಡವರನ್ನು ಒಂಬತ್ತು ತಿಂಗಳಲ್ಲಿ ಗುರುತು ಹಿಡಿಯುವ ಮಗು, ದಿನವಿಡೀ ತನ್ನನ್ನು ಎತ್ತಿಕೊಳ್ಳುವ ಆಯಾಗೆ ಮಾತ್ರ ಸಿಂಕಿನ ಕೆಳಗಿಟ್ಟ ಬೇರೆ ಲೋಟದಲ್ಲಿ ಕಾಫಿ ಕೊಡುವುದನ್ನು ನೋಡದೆ ಇರುತ್ತದಾ? ಎಲ್ಲರೂ ಮೇಜಿನ ಹತ್ತಿರ, ಅವರು ಬಾಲ್ಕನಿಯಲ್ಲಿ. ಎಲ್ಲರಿಗೂ ಒಂದು ಲಿಫ್ಟ್, ಅವರಿಗೆ ಇನ್ನೊಂದು.

ಹಾಗಾಗಿ ಕೊನೆಯ ಕೆಲಸ. ಮಗುವಿಗೆ ತಿನ್ನಿಸುವ ಹೊತ್ತಿನಲ್ಲಿ ದಿನಕ್ಕೆ ಒಂದು ಸಲವಾದರೂ ಮನೆಯಲ್ಲಿರುವ ಎಲ್ಲರೂ, ಆಯಾ ಸೇರಿ, ಒಂದೇ ಕಡೆ ಕೂತು ತಿನ್ನಲಿ. ಅದೇ ಥರದ ತಟ್ಟೆ, ಅದೇ ಥರದ ಲೋಟ. ಆಯಾಗೆ ಮುಜುಗರ ಆಗಬಹುದು, ಬಲವಂತ ಬೇಡ. ಮೊದಲು ಕಾಫಿಯಿಂದ ಶುರು ಮಾಡಿ.

"ಮನೆಯಲ್ಲಿ ಅತ್ತೆ ಒಪ್ಪಲ್ಲ" ಅಂತ ಬರೆಯುವವರೇ ಜಾಸ್ತಿ. ಅವರಿಗೆ ಭಾಷಣ ಮಾಡಲು ಹೋಗಬೇಡಿ, ನಡೆಯುವುದಿಲ್ಲ. ಗಾಂಧಿ ಬಜಾರಿಗೋ ಚಿಕ್ಕಪೇಟೆಗೋ ಹೋಗಿ ಒಂದೇ ಅಳತೆಯ, ಒಂದೇ ನಮೂನೆಯ ಒಂದು ಡಜನ್ ಸ್ಟೀಲ್ ಲೋಟ ತನ್ನಿ. ಹೆಸರು ಕೆತ್ತಿಸಬೇಡಿ. ಹಳೆಯವನ್ನು ಪಾತ್ರೆ ಅಂಗಡಿಯವರಿಗೇ ತೂಕಕ್ಕೆ ಹಾಕಿ ಬನ್ನಿ. ಎರಡು ದಿನ ಗೊಣಗಾಟ ಇರುತ್ತದೆ. ಮೂರನೇ ದಿನ ತೊಳೆದು ಬೋರಲು ಹಾಕಿದ ಹನ್ನೆರಡು ಲೋಟದಲ್ಲಿ ಯಾವುದು ಯಾರದು ಅಂತ ಅತ್ತೆಗೂ ಗೊತ್ತಾಗುವುದಿಲ್ಲ.